ಫೈನಲ್ ದಿನದ ಕಿತ್ತಳೆ ಪುಡಿ

"ನಿನ್ ಹತ್ರ ಇಟ್ಟಿದ್ದ ಪುಡೀಲಿ ಪವರ್ರೇ ಇಲ್ವಲ್ಲೋ ಮಹೇಂದ್ರ," ಎಂದರು ಅನಂತರಾಜು. "ಹನ್ನೆರಡು ದಿನದಿಂದ ಕುಡೀತಿದೀನಿ. ಬರೀ ಉಪ್ಪು, ಸಕ್ಕರೆ, ನಿಂಬೆಹುಳಿ. ಮುಂಚೆ ನಾಲಿಗೆ ಜುಮ್ ಅಂತಿತ್ತು. ಈಗ ಏನೂ ಇಲ್ಲ."

ಯಲಹಂಕ ನ್ಯೂಟೌನಿನ ಟೆನಿಸ್ ಕ್ಲಬ್ಬಿನ ಮೂಲೆಯಲ್ಲಿ ಮಹೇಂದ್ರನ ಗಟ್ಟಿಂಗ್ ಮೇಜು. ತುಂಡಾದ ದಾರ ಬಿಚ್ಚಿ ರ‍್ಯಾಕೆಟ್ಟಿಗೆ ಹೊಸದನ್ನು ಬಿಗಿಯುವುದು ಅವನ ಕೆಲಸ. ಅನಂತರಾಜು ಬಿಲ್ಡರ್, ವಾರಕ್ಕೆ ಮೂರು ದಿನ ಡಬಲ್ಸ್ ಆಡುವವರು. ಬಿ.ಪಿ. ಇದೆಯೆಂದು ಗದರುವ ಹೆಂಡತಿಯ ಕಣ್ಣು ತಪ್ಪಿಸಲು, ಆಟಕ್ಕೆ ಮುಂಚೆ ಚುರುಕು ಬರಲೆಂದು ಕುಡಿಯುವ, ದುಬೈಯಿಂದ ತರಿಸಿದ ಪ್ರೀ-ವರ್ಕೌಟ್ ಪುಡಿಯನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಗೆ ಸುರಿದು ಮಹೇಂದ್ರನ ಶೆಲ್ಫಿನಲ್ಲಿ ಇಟ್ಟಿದ್ದರು.

ಅದೇ ಶೆಲ್ಫಿನಲ್ಲಿ ಇನ್ನೊಂದು ಉಪ್ಪಿನಕಾಯಿ ಬಾಟಲಿ ಇತ್ತು. ಅದೇ ಕಂಪನಿಯದು, ಅದೇ ಕೆಂಪು ಮುಚ್ಚಳ, ಒಳಗೆ ಅದೇ ಕಿತ್ತಳೆ ಬಣ್ಣದ ಪುಡಿ. ಅದು ಕ್ಲಬ್ಬಿನ ಆಟಗಾರ್ತಿ ನಯನಾಳದು. ಬೆವರಿನಲ್ಲಿ ಹೋದ ಉಪ್ಪಿನಂಶ ತುಂಬಿಕೊಳ್ಳಲೆಂದು ಡಯೆಟಿಷಿಯನ್ ಬರೆದುಕೊಟ್ಟ ಸಾದಾ ಪುಡಿ. ಮನೆಯಲ್ಲಿದ್ದ ದೊಡ್ಡ ಪ್ಯಾಕೆಟ್ಟಿನಿಂದ ಅವಳ ಅಮ್ಮ ತುಂಬಿ ಕಳಿಸಿದ್ದು.

ಮಹೇಂದ್ರನ ಕೈಯಲ್ಲಿದ್ದ ದಾರ ಸಡಿಲವಾಯಿತು.

ಹನ್ನೆರಡು ದಿನದ ಹಿಂದೆ ರಾಷ್ಟ್ರೀಯ ಟೂರ್ನಿಯ ಫೈನಲ್ ನಡೆದದ್ದು ಇದೇ ಕ್ಲಬ್ಬಿನಲ್ಲಿ. ತಾನು ಕುಡಿಯುವುದನ್ನು ತಾನೇ ಕಲಸಿಕೊಳ್ಳುವುದು ನಯನಾಳ ನಿಯಮ, ಕೋಚಿಗೂ ಬಿಡುತ್ತಿರಲಿಲ್ಲ. ಅವತ್ತು ಮಾತ್ರ ವಾರ್ಮಪ್ ನಡುವೆ ಓಡಿಬಂದು, ನೀರಿನ ಬಾಟಲಿಯನ್ನು ಅವನ ಕಡೆ ಚಾಚಿದ್ದಳು. ಎರಡು ಚಮಚ ಹಾಕಿ ಕಲಸಿಡು ಎಂದಿದ್ದಳು. ಅವನು ಹಿಡಿದುಕೊಂಡ ಮೇಲೂ ಅವಳ ಬೆರಳು ಒಂದು ಗಳಿಗೆ ಬಾಟಲಿಯನ್ನು ಬಿಟ್ಟಿರಲಿಲ್ಲ. ಹಣೆಯ ಮೇಲೆ ಒಂದೇ ಒಂದು ಬೆವರ ಹನಿ, ಹುಬ್ಬಿನ ತುದಿಗೆ ಬಂದು ನಿಂತಿತ್ತು. ಕಣ್ಣು ಮಾತ್ರ ನಗುತ್ತಿತ್ತು.

ಅವನು ಆ ಹನಿಯನ್ನು ನೋಡುತ್ತಲೇ ಶೆಲ್ಫಿಗೆ ಕೈ ಹಾಕಿದ್ದ.

ಅವಳು ಗೆದ್ದಳು. ಇಪ್ಪತ್ತನಾಲ್ಕನೇ ವಯಸ್ಸಿಗೆ ಮೊದಲ ರಾಷ್ಟ್ರೀಯ ಕಪ್. ಪಂದ್ಯ ಮುಗಿದ ಕೂಡಲೇ ಡೋಪಿಂಗ್ ಪರೀಕ್ಷೆಯವರು ಬಂದು ಮೂತ್ರದ ಸ್ಯಾಂಪಲ್ ತೆಗೆದುಕೊಂಡು ಹೋದರು. ಸಂಜೆ ನಯನಾ ಬಂದು, ಮೇಜಿನ ಮೇಲೆಯೇ ಉಳಿದಿದ್ದ ಕೆಂಪು ಮುಚ್ಚಳದ ಬಾಟಲಿಯನ್ನು ಮಾತಿಲ್ಲದೆ ಬ್ಯಾಗಿಗೆ ಹಾಕಿಕೊಂಡು ಹೋದಳು. ಆಮೇಲೆ ಫೋನಿಲ್ಲ, ಮೆಸೇಜಿಲ್ಲ. ಗಟ್ಟಿಂಗನ್ನು ಹೆಬ್ಬಾಳದ ಯಾವುದೋ ಅಂಗಡಿಯಲ್ಲಿ ಹಾಕಿಸಿದಳಂತೆ. ಕಪ್ ಬಂದಮೇಲೆ ದಾರ ಕಟ್ಟುವವನು ಯಾಕೆ ನೆನಪಾಗುತ್ತಾನೆ ಎಂದುಕೊಂಡು ಅವನು ಹನ್ನೆರಡು ದಿನ ಒಳಗೊಳಗೇ ಮುನಿಸಿಕೊಂಡಿದ್ದ.

ಪುಡಿಯ ಅಸಲಿ ಡಬ್ಬದ ಫೋಟೋ ಇದೆಯೇ ಎಂದು ಅನಂತರಾಜುವನ್ನು ಕೇಳಿದ. ಇತ್ತು. ಲೇಬಲ್ಲಿನ ಸಣ್ಣಕ್ಷರಗಳನ್ನು ದೊಡ್ಡದು ಮಾಡಿ, ನಿಷೇಧಿತ ಪದಾರ್ಥಗಳ ಪಟ್ಟಿಯನ್ನು ತನ್ನ ಫೋನಿನಲ್ಲಿ ತೆರೆದು, ಒಂದೊಂದೇ ಹೆಸರು ತಾಳೆ ನೋಡಿದ. ಏಳನೆಯದು ಸಿಕ್ಕಿತು. ಪಂದ್ಯದ ದಿನ ಮೈಯಲ್ಲಿ ಇರಲೇಬಾರದ ಉತ್ತೇಜಕ. ಇದ್ದರೆ ಕಪ್ ವಾಪಸ್, ವರ್ಷಗಟ್ಟಲೆ ಆಟವಿಲ್ಲ.

ಅನಂತರಾಜು ಕುರ್ಚಿ ಎಳೆದುಕೊಂಡು ಕೂತರು. ಯಾರಿಗೂ ಗೊತ್ತಾಗುವುದಿಲ್ಲ, ಸುಮ್ಮನಿದ್ದುಬಿಡು, ಇಲ್ಲದಿದ್ದರೆ ಕ್ಲಬ್ಬಿನವರು ನಿನ್ನ ಮೇಜನ್ನೇ ಎತ್ತಿಸುತ್ತಾರೆ ಎಂದರು.

"ಎತ್ತಿಸ್ಲಿ ಅಂಕಲ್. ಅವ್ಳಿಗೆ ಬೇರೆಯವ್ರಿಂದ ಗೊತ್ತಾಗ್ಬಾರ್ದು."

ಅವನು ಅಲ್ಲೇ ಬಿಳಿ ಹಾಳೆ ತೆಗೆದುಕೊಂಡು ಒಂದು ಪತ್ರ ಬರೆದ. ಬರೆದು ಮುಗಿಸಿ, ಗೊಣಗುತ್ತಿದ್ದ ಅನಂತರಾಜುವಿನಿಂದ ಬುಡದಲ್ಲಿ ಸಹಿ ಹಾಕಿಸಿಕೊಂಡು, ಸ್ಕೂಟರ್ ಹತ್ತಿ ವಿದ್ಯಾರಣ್ಯಪುರದ ನಯನಾಳ ಮನೆಯ ಕಡೆ ಹೊರಟ. ಎಂ.ಎಸ್. ಪಾಳ್ಯದ ಸರ್ಕಲ್ಲಿನಲ್ಲಿ ಬಸ್ಸುಗಳ ನಡುವೆ ಸಿಕ್ಕಿಹಾಕಿಕೊಂಡಾಗ, ಏನು ಹೇಳಬೇಕೆಂದು ನಾಲ್ಕು ಬಗೆಯಲ್ಲಿ ಯೋಚಿಸಿದ. ನಾಲ್ಕರಲ್ಲೂ ಅವಳು ಕೊನೆಗೆ ಗೇಟು ತೋರಿಸುತ್ತಿದ್ದಳು.

ಬಾಗಿಲು ತೆಗೆದವರು ಅವಳ ಅಮ್ಮ ವರಲಕ್ಷ್ಮಮ್ಮ. ಇಷ್ಟು ದಿನ ಎಲ್ಲಿ ಹೋಗಿದ್ದೆಯಪ್ಪ, ಇವಳಂತೂ ಊಟಕ್ಕೆ ಕೂತರೂ ಗರ್ ಅಂತಾಳೆ, ನೀನಾದರೂ ವಿಚಾರಿಸು ಎಂದು ಮಹಡಿ ತೋರಿಸಿದರು.

ಮಹಡಿಯ ಮೇಲೆ ನಯನಾ ಸ್ಕಿಪ್ಪಿಂಗ್ ಮಾಡುತ್ತಿದ್ದಳು. ಅವನನ್ನು ನೋಡಿದಳು, ಹಗ್ಗ ನಿಲ್ಲಲಿಲ್ಲ. ಒಂದು ಸಲ ಕಾಲಿಗೆ ಸಿಕ್ಕಿತು, ಬಿಡಿಸಿಕೊಂಡಳು, ಮತ್ತೆ ಶುರು ಮಾಡಿದಳು.

"ಫೈನಲ್ ದಿನ ನಿನ್ ಬಾಟ್ಲಿಗೆ ನಾನು ಬೇರೆ ಪುಡಿ ಹಾಕ್ಬಿಟ್ಟಿದೀನಿ ನಯನಾ."

ಹಗ್ಗ ನಿಂತಿತು.

ಅವನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಎರಡು ಬಾಟಲಿ, ಅನಂತರಾಜುವಿನ ಬಿ.ಪಿ., ದುಬೈ, ಏಳನೇ ಹೆಸರು. ಶೆಲ್ಫಿನ ಕಡೆ ನೋಡದೆ ಕೈ ಹಾಕಿದ್ದನ್ನೂ ಹೇಳಿದ. ಎಲ್ಲಿ ನೋಡುತ್ತಿದ್ದೆ ಎಂಬುದನ್ನು ಮಾತ್ರ ಬಿಟ್ಟ.

"ಇವತ್ ಬೆಳಿಗ್ಗೆವರೆಗೂ ನಂಗೂ ಗೊತ್ತಿರ್ಲಿಲ್ಲ. ತಪ್ಪೆಲ್ಲ ನಂದೇ ಅಂತ ಬರ್ದು ತಂದಿದೀನಿ. ಎಲ್ಲಿಗೆ ಕರೆದ್ರೂ ಬಂದು ಹೇಳ್ತೀನಿ."

ನಯನಾ ಕೆಳಗೆ ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಅವನು ಎರಡು ಹೆಜ್ಜೆ ಮುಂದಿಟ್ಟ. ಬೆರಳುಗಳ ಸಂದಿಯಲ್ಲಿ ಕಂಡದ್ದು ನಗು. ನಗುತ್ತಿದ್ದ ಕಣ್ಣಿನಲ್ಲಿ ನೀರೂ ಇತ್ತು.

"ನಾನ್ ಅದನ್ನ ಕುಡೀಲೇ ಇಲ್ಲ ಕಣೋ."

ಮೂರನೇ ಗೇಮ್ ಆದಮೇಲೆ ಒಂದು ಗುಟುಕು ಬಾಯಿಗೆ ಹಾಕಿದ್ದಳಂತೆ. ನಾಲಿಗೆ ಜುಮ್ಮೆಂದದ್ದೇ ತಡ, ಟವೆಲ್ಲಿಗೆ ಉಗಿದು, ಬಾಯಿ ಮುಕ್ಕಳಿಸಿ, ಆ ಬಾಟಲಿಯನ್ನು ಬ್ಯಾಗಿನ ತಳಕ್ಕೆ ತುರುಕಿದ್ದಳು. ಆಮೇಲೆ ಅಂಪೈರ್ ಪಕ್ಕದ ಪೆಟ್ಟಿಗೆಯಲ್ಲಿದ್ದ ಸೀಲ್ ಒಡೆಯದ ನೀರು, ಎರಡು ಬಾಳೆಹಣ್ಣು. ಅಷ್ಟೇ. ಮೂರನೇ ಸೆಟ್ಟಿನಲ್ಲಿ ಮೀನಖಂಡ ಹಿಡಿದುಕೊಂಡು ಕುಂಟಿದ್ದನ್ನು ಅವನೂ ನೋಡಿದ್ದ.

ರಿಪೋರ್ಟ್ ನಿನ್ನೆಯೇ ಬಂತು, ಏನೂ ಇಲ್ಲ ಎಂದಳು.

ಮಹೇಂದ್ರ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ನಿಧಾನವಾಗಿ ಜಾರಿ ಕೂತುಬಿಟ್ಟ.  

"ಮತ್ತೆ ನನ್ ಹತ್ರ ಯಾಕ್ ಮಾತು ಬಿಟ್ಟೆ?"

ಅವಳು ಹಗ್ಗದ ಹಿಡಿಯನ್ನು ತಿರುಗಿಸುತ್ತಾ ಕೂತಳು.

"ಹಿಂದಿನ ದಿನ ಏನಂದಿದ್ದೆ? ಏನಾದ್ರೂ ಮಾಡಿ ನಿನ್ನ ಗೆಲ್ಲಿಸ್ತೀನಿ ಅಂದಿದ್ದೆ. ಬೇಕಂತ ಹಾಕಿದ್ಯೇನೋ ಅನ್ನಿಸ್ತು."

"ಕೇಳ್ಬಹುದಿತ್ತಲ್ವಾ?"

"ಕೇಳಿ, ನೀನು ಹೌದು ಅಂದ್ಬಿಟ್ಟಿದ್ರೆ?" ಅವಳ ದನಿ ತಗ್ಗಿತು. "ಬೇರೆ ಯಾರಾದ್ರೂ ಆಗಿದ್ರೆ ಅವತ್ತೇ ಕಂಪ್ಲೇಂಟ್ ಕೊಟ್ಟಿರ್ತಿದ್ದೆ. ನಿನ್ ಮೇಲೆ ಕೊಡಕ್ಕಾಗ್ಲಿಲ್ಲ. ಹಂಗಂತ ಮಾತಾಡ್ಸೋಕೂ ಆಗ್ಲಿಲ್ಲ. ನೀನೇ ಬಂದು ಹೇಳ್ತೀಯ ಅಂತ ದಿನಾ ಕಾಯ್ದೆ. ಹನ್ನೆರಡು ದಿನ ಅನ್ನ ಸೇರಿಲ್ಲ ನಂಗೆ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.  ಅವನು ಹನ್ನೆರಡು ದಿನ ಮುನಿಸಿಕೊಂಡಿದ್ದು ನೆನೆದು ನಾಚಿಕೊಂಡ.

"ಪತ್ರ ಕೊಡು ಇಲ್ಲಿ."

ಅವನು ಜೇಬಿನಿಂದ ತೆಗೆದುಕೊಟ್ಟ. 'ಮಾನ್ಯರೇ' ಎಂದು ಶುರುವಾಗಿತ್ತು. ಅವಳು ಗಂಭೀರವಾಗಿ ಓದುತ್ತಾ ಹೋದವಳು ಮೂರನೇ ಸಾಲಿನಲ್ಲಿ ನಿಂತಳು.

"ಸದರಿ ನಯನಾ ಅವರು ನನಗೆ ಎರಡು ವರ್ಷಗಳಿಂದ ಪರಿಚಿತರು." ಓದಿ ತಲೆಯೆತ್ತಿದಳು. "ಪರಿಚಿತರಾ?"

"ಡೋಪಿಂಗ್ ಆಫೀಸಿನವ್ರಿಗೆ ಇನ್ನೇನಂತ ಬರೀಲಿ?"

ಅವಳು ಅವನ ಜೇಬಿಗೆ ಕೈ ಹಾಕಿ ಪೆನ್ನು ತೆಗೆದಳು. ಆ ಸಾಲನ್ನು ಉದ್ದಕ್ಕೆ ಹೊಡೆದುಹಾಕಿ, ಹಾಳೆಯನ್ನು ಅವನ ಮೊಣಕಾಲ ಮೇಲಿಟ್ಟಳು. "ಇದನ್ನ ಎಲ್ಲೂ ಕೊಡ್ಬೇಕಾಗಿಲ್ಲ ಈಗ. ನಿಜ ಬರಿ."

 ಅವನು ಪೆನ್ನು ತೆಗೆದುಕೊಂಡ. ಹೊಡೆದ ಸಾಲಿನ ಮೇಲೆ, ಇಕ್ಕಟ್ಟಿನ ಜಾಗದಲ್ಲಿ, ಸದರಿ ನಯನಾ ಅವರನ್ನು ನಾನು ಎರಡು ವರ್ಷಗಳಿಂದ ಪ್ರೀತಿಸುತ್ತಿದ್ದೇನೆ ಎಂದು ಬರೆದ.

ಅವಳು ಓದಿದಳು. ಕಿವಿಯ ತುದಿ ಕೆಂಪಾಯಿತು. ಮತ್ತೊಮ್ಮೆ ಓದಿದಳು. ಆಮೇಲೆ ಹಾಳೆಯ ಬುಡದಲ್ಲಿ ಬೆರಳಿಟ್ಟಳು. ಅಲ್ಲಿ 'ಸಾಕ್ಷಿ' ಎಂಬ ಮಾತಿನ ಎದುರು ದೊಡ್ಡದಾಗಿ, ಸುರುಳಿ ಸುರುಳಿಯಾಗಿ, ಅನಂತರಾಜುವಿನ ಸಹಿ ಇತ್ತು.

"ಸಾಕ್ಷೀನೂ ಹಾಕ್ಸಿದೀಯ," ಎಂದಳು. "ಇನ್ ಇಲ್ಲ ಅನ್ನೋಕಾಗಲ್ಲ ನಿಂಗೆ."

"ನೀನು?"

ಅವಳು ಪೆನ್ನು ಕಿತ್ತುಕೊಂಡು, ಆ ಸಹಿಯ ಪಕ್ಕದಲ್ಲಿ ತನ್ನದೂ ಒಂದು ಹಾಕಿದಳು.