ಮೀನಿನ ಅಂಟಿನ ಹಡಗು

ತೊಕ್ತಾರ್ ಅತಾ ಬಾಗಿಲು ತಟ್ಟಲಿಲ್ಲ. ಹೊಸ್ತಿಲಲ್ಲೇ ನಿಂತು, ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ, "ಕುಲ್ಯಾಷ್, ನನ್ನ ಹಡಗನ್ನ ಒಡೆದುಹಾಕಿಬಿಟ್ರು" ಎಂದರು.

ನಮ್ಮಲ್ಲಿ ಹಿರಿಯ ಗಂಡಸರಿಗೆ ಅತಾ, ಹಿರಿಯ ಹೆಂಗಸರಿಗೆ ಅಪಾ ಅನ್ನುತ್ತೇವೆ. ಕುಲ್ಯಾಷ್ ಅಪಾ ನನ್ನ ಅಜ್ಜಿಯ ತಂಗಿ. ಅರಲ್ ಪಟ್ಟಣದ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದ ವಿಂಗಡಿಸಿದವರು. ವಿಳಾಸ ಅಳಿಸಿಹೋದ ಲಕೋಟೆಯನ್ನೂ ಮೂಸಿ ನೋಡಿ ಸರಿಯಾದ ಮನೆಗೆ ಮುಟ್ಟಿಸುತ್ತಿದ್ದರಂತೆ. ಅವರು ನಿವೃತ್ತರಾದ ಮೇಲೆ ಊರಿನ ಒಗಟುಗಳೆಲ್ಲ ನಮ್ಮ ಚಹಾದ ಮೇಜಿಗೇ ಬರುತ್ತಿದ್ದವು. ಅಜ್ಜಿಯ ಕತೆಗಳಲ್ಲಿ ಬೆಳೆದ ನನಗೆ ಪ್ರತಿಯೊಂದು ಕೇಡಿನ ಹಿಂದೆಯೂ ಏಳು ತಲೆಯ ಮುದುಕಿಯೇ ಕಾಣುತ್ತಿದ್ದಳು. ಅಪಾ ಅವರಿಗೆ ಮನುಷ್ಯರು ಮಾತ್ರ ಕಾಣುತ್ತಿದ್ದರು.

"ಮೊದ್ಲು ಕೂತ್ಕೊ, ಚಹಾ ಕುಡಿ. ಒಡೆದಿದ್ದು ಶಾಗಲಾನಾ?"

ಅತಾ ತಲೆಯಾಡಿಸಿದರು. ಶಾಗಲಾ ಎಂದರೆ ಕಪ್ತಾನ ಎಸೆನ್ ಅವರ ಮೀನುಹಡಗು. ಹದಿನಾಲ್ಕರ ಅನಾಥ ತೊಕ್ತಾರ್‌ನನ್ನು ಹತ್ತಿಸಿಕೊಂಡು ಮನುಷ್ಯನನ್ನಾಗಿ ಮಾಡಿದ ಹಡಗು. ಕಡಲು ಹಿಂದೆ ಸರಿದಾಗ ಅದು ಮರಳಿನಲ್ಲಿ ಕೂತು ಗುಜರಿಗೆ ಹೋಯಿತು. ಮೂರು ವರ್ಷಗಳ ಹಿಂದೆ ಕಪ್ತಾನರೂ ಹೋದರು. ಅವರು ಹಾಸಿಗೆ ಹಿಡಿದ ವರ್ಷವೇ ಅತಾ ಮರಸೇಬಿನ ಮರದಲ್ಲಿ ತೋಳುದ್ದದ ಶಾಗಲಾ ಮಾದರಿ ಕಟ್ಟಲು ಕೂತಿದ್ದರು. ನಾಲ್ಕು ವರ್ಷಗಳ ಆ ಕೆಲಸವನ್ನು ಅಂದು ಮಧ್ಯಾಹ್ನ ನೆಂಟರೆಲ್ಲರ ಎದುರು ಕಪ್ತಾನರ ಹೆಂಡತಿ ರೌಶನ್ ಅವರ ಕೈಗೆ ಕೊಡುವುದಿತ್ತು.

"ಮಾಡಿದ್ದು ಬೆರ್ದಿಬೆಕ್," ಎಂದರು ಅತಾ. "ನಿನ್ನೆ ಗಾಳಿ ನಿಂತ್ಮೇಲೆ ನನ್ನ ಕೊಟ್ಟಿಗೆ ಹತ್ರ ಅವನು ನಿಂತಿದ್ದನ್ನ ಪಕ್ಕದ ಮನೆಯವಳು ನೋಡಿದಾಳೆ."

"ಗೊತ್ತಿದ್ಮೇಲೆ ನನ್ನ ಹತ್ರ ಯಾಕೆ ಬಂದೆ?"

"ನೀನು ಹೇಳಿದ್ರೆ ಊರು ನಂಬುತ್ತೆ. ಮಧ್ಯಾಹ್ನ ಎಲ್ಲರ ಎದುರಿಗೇ ಅವನನ್ನ ಆಚೆ ಕಳಿಸ್ತೀನಿ."

ಬೆರ್ದಿಬೆಕ್ ರೈಲ್ವೆ ಕಾರ್ಖಾನೆಯ ಫಿಟ್ಟರ್, ಐವತ್ತರ ಮನುಷ್ಯ. ಹೆಂಡತಿ ಸತ್ತ ಮೇಲೆ ಹನ್ನೊಂದು ವರ್ಷಗಳ ಎಲ್ಲ ಭಾನುವಾರಗಳನ್ನೂ ಅವನು ಅತಾ ಅವರ ಕೆಲಸದ ಮೇಜಿನ ಬಳಿಯೇ ಕಳೆದಿದ್ದ. ಆ ಬಾಗಿಲು ಮುಚ್ಚಿದರೆ ಅವನಿಗೆ ಹೋಗಲು ಇನ್ನೊಂದು ಮನೆ ಇರಲಿಲ್ಲ.

ನಾವು ಹೋಗಿ ನೋಡಿದಾಗ ಅತಾ ಅವರ ಕೆಲಸದ ಕೊಟ್ಟಿಗೆಯಲ್ಲಿ ಎಲ್ಲವೂ ಬೆಳ್ಳಗಿತ್ತು. ಬತ್ತಿದ ಕಡಲತಳದಿಂದ ಎದ್ದ ಉಪ್ಪುಧೂಳು ಹಿಂದಿನ ಮಧ್ಯಾಹ್ನವಿಡೀ ಬೀಸಿ, ಹಲಗೆಗಳ ಸಂದಿನಿಂದ ನುಗ್ಗಿ, ಉಳಿ, ಗರಗಸ, ಮೇಜು ಎಲ್ಲದರ ಮೇಲೂ ಕೂತಿತ್ತು. ಮೇಜಿನ ನಡುವೆ ಶಾಗಲಾ ಹಲಗೆ ಹಲಗೆಯಾಗಿ ಬಿದ್ದಿತ್ತು. ಬಾಗಿದ ಹಲಗೆಗಳು ಅರ್ಧ ನೆಟ್ಟಗಾಗಿದ್ದವು. ಪಕ್ಕದಲ್ಲಿ ಒಂದು ಚಹಾ ಬಟ್ಟಲು, ಅದರ ತುಂಬ ಹಿತ್ತಾಳೆಯ ಪುಟ್ಟ ಕೊಕ್ಕೆಗಳು, ಜೋಳದ ಕಾಳಿನಷ್ಟು ರಾಟೆಗಳು.

ಅಪಾ ಒಂದು ಹಲಗೆಯನ್ನು ಬೆರಳಿನಿಂದ ಒರೆಸಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. ಹಲಗೆಯನ್ನು ಎತ್ತಿ ಅದರಡಿಯ ಮೇಜನ್ನು ಒರೆಸಿದರು. ಬೆರಳು ಬೆಳ್ಳಗಾಯಿತು. ಆಮೇಲೆ ಹಡಗಿನ ಹಗ್ಗಗಳಾಗಿದ್ದ ನೂಲಿನ ಸಿಕ್ಕನ್ನು ನನ್ನ ಮೂಗಿಗೆ ಹಿಡಿದರು.

"ಏನು ವಾಸನೆ, ಇಂಕಾರ್?"

"ಮೀನು. ಮತ್ತೆ ಈರುಳ್ಳಿ. ಹಸಿದಿದ್ದೀನಿ ಅಪಾ, ನನಗೆ ಎಲ್ಲಾದ್ರಲ್ಲೂ ಊಟದ ವಾಸನೆನೇ ಬರುತ್ತೆ."

"ನಿನ್ನ ಹೊಟ್ಟೆ ಕೆಲವು ಸಲ ತಲೆಗಿಂತ ಚುರುಕು," ಎಂದು ನಕ್ಕರು. "ತೊಕ್ತಾರ್, ನಿನ್ನೆ ಎಲ್ಲಿದ್ದೆ?"

"ಸ್ಟೇಷನ್‌ನಲ್ಲಿ. ಬೆಳಿಗ್ಗೆನೇ ನೆಂಟರನ್ನ ಕರ್ಕೊಂಡ್ಬರೋಕೆ ಹೋದೆ. ಗಾಳಿಗೆ ರೈಲು ಐದು ಗಂಟೆ ತಡ. ಇಪ್ಪತ್ತು ಜನ ಬಂದು ಸಂಜೆ ಊಟ ಮಾಡಿ ಮಲಗಿದ್ರು. ಬೆಳಿಗ್ಗೆ ಬಾಗಿಲು ತೆಗೆದ್ರೆ ಇದು."

"ಬೆರ್ದಿಬೆಕ್ ಜೊತೆ ಜಗಳ ಯಾತಕ್ಕೆ?"

"ಅಂಟಿಗೆ. ನಾನು ಮೀನಿನ ಗಾಳಿಚೀಲ ಕುದಿಸಿ ಅಂಟು ಮಾಡ್ತೀನಿ, ಕಪ್ತಾನರು ಕಲಿಸಿದ ಹಾಗೆ. ಇವನು ಅಂಗಡಿ ಅಂಟು ಹಾಕಿ ಅಂತಾನೆ. 'ಒಂದು ಕೆಟಲ್ ಹಬೆ ತಾಕಿದ್ರೆ ನಿಮ್ಮ ಹಡಗು ಬಿಚ್ಕೊಳ್ಳುತ್ತೆ' ಅಂತ ಹೋದ ವಾರ ಹಂಗಿಸಿದ. ನೋಡು, ಬಿಚ್ಚಿಯೇ ತೋರಿಸಿದ."

ಮಧ್ಯಾಹ್ನ ಅತಾ ಅವರ ಮನೆಯ ದೊಡ್ಡ ಕೋಣೆಯಲ್ಲಿ ನೆಂಟರೆಲ್ಲ ಸೇರಿದರು. ಒಳಗಿನ ಗೌರವದ ಜಾಗದಲ್ಲಿ ಬಿಳಿ ರುಮಾಲಿನ ರೌಶನ್ ಕೂತಿದ್ದರು. ಬೆರ್ದಿಬೆಕ್ ಬೂಟುಗಳಿರುವ ಬಾಗಿಲ ಬಳಿ ನಿಂತಿದ್ದ. ಅತಾ ಅವರ ಸೊಸೆ ಸೌಲೆ ಚಹಾ ಹಂಚುತ್ತಿದ್ದಳು. ಅಪಾ ಬಟ್ಟೆಯಲ್ಲಿ ಕಟ್ಟಿ ತಂದ ಹಲಗೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು.

"ತೊಕ್ತಾರ್, ಒಂದು ಹಲಗೆಯಾದ್ರೂ ಸೀಳಿದೆಯಾ? ಉಳಿ ಗುರುತು ಇದೆಯಾ?"

"ಇಲ್ಲ."

"ಹಾಗಾದ್ರೆ ಯಾರೂ ಒಡೆದಿಲ್ಲ. ಅಂಟು ಬಿಟ್ಟಿದೆ, ಹಬೆಗೆ."

"ಅದನ್ನೇ ನಾನು ಹೇಳ್ತಿರೋದು. ಕೆಟಲ್ ಹಬೆ ಅಂತ ಇವನೇ..."

"ಸ್ವಲ್ಪ ತಡಿ. ನಿನ್ನ ಕೊಟ್ಟಿಗೆಯಲ್ಲಿ ಎಲ್ಲದರ ಮೇಲೂ ಉಪ್ಪುಧೂಳು. ಈ ಹಲಗೆಗಳ ಮೇಲಿಲ್ಲ, ಅಡಿಯಲ್ಲಿದೆ. ಅಂದ್ರೆ ಗಾಳಿ ಬೀಸೋವಾಗ ಹಡಗು ಅಲ್ಲಿರಲಿಲ್ಲ. ಯಾರೋ ಗಾಳಿಗೆ ಮೊದಲೇ ಅದನ್ನ ಎತ್ಕೊಂಡು ಹೋಗಿದಾರೆ, ಆಮೇಲೆ ತಂದಿಟ್ಟಿದಾರೆ. ಬೆರ್ದಿಬೆಕ್ ಬಂದಿದ್ದು ಗಾಳಿ ನಿಂತ್ಮೇಲೆ. ಯಾಕಪ್ಪಾ ಬಂದಿದ್ದೆ?"

"ಕೊಟ್ಟಿಗೆ ಚಾವಣಿ ಹಾರಿಹೋಯ್ತೇನೋ ಅಂತ ನೋಡೋಕೆ," ಎಂದ ಬೆರ್ದಿಬೆಕ್, ನೆಲ ನೋಡುತ್ತಾ.

"ಧೂಳು ಬೀಳಬಾರದು ಅಂತ ಹಡಗನ್ನ ಒಳಗೆ ಒಯ್ದವರು ಕೇಡು ಬಯಸಿದವರಲ್ಲ. ಬಿಚ್ಚಿದ್ಮೇಲೂ ಕಾಳಿನಷ್ಟು ರಾಟೆಗಳನ್ನ ಒಂದೊಂದಾಗಿ ಆರಿಸಿ ಬಟ್ಟಲಿಗೆ ಹಾಕಿದಾರೆ. ಬಟ್ಟಲು ಈ ಮನೆಯದೇ, ಈಗ ನಿಮ್ಮ ಕೈಯಲ್ಲಿರೋವುಗಳ ಜೋಡಿ. ಇನ್ನು ನೂಲು. ಅದರಲ್ಲಿ ಈರುಳ್ಳಿ ವಾಸನೆ, ಕುರಿ ಕೊಬ್ಬಿನ ಜಿಡ್ಡು. ಕೆಟಲ್‌ನಿಂದ ಕೊಬ್ಬು ಬರಲ್ಲ. ನಿನ್ನೆ ಸಂಜೆ ನೀವೆಲ್ಲ ಏನು ತಿಂದ್ರಿ?"

"ಮಂತಿ ಕಡುಬು," ಎಂದರು ಇಬ್ಬರು ಮೂವರು ಒಟ್ಟಿಗೆ.

"ಇಪ್ಪತ್ತು ಜನರಿಗೆ ಬೇಕಾಗುವಷ್ಟು ಕಡುಬು. ಗಾಳಿಗೆ ಕಿಟಕಿಯೆಲ್ಲ ಮುಚ್ಚಿದ ಅಡುಗೆಮನೆಯಲ್ಲಿ, ಗಂಟೆಗಟ್ಟಲೆ ಹಬೆ. ಮೀನಿನ ಅಂಟಿನ ಗುಣ ಬೆರ್ದಿಬೆಕ್‌ಗೆ ಗೊತ್ತು. ಅವನಾಗಿದ್ರೆ ಹಡಗನ್ನ ಅಲ್ಲಿಡ್ತಾನೇ ಇರಲಿಲ್ಲ. ಗೊತ್ತಿಲ್ಲದವರು ಇಟ್ಟಿದಾರೆ, ಪ್ರೀತಿಯಿಂದ."

ಸೌಲೆ ಚಹಾದ ತಟ್ಟೆಯನ್ನು ಕೆಳಗಿಟ್ಟಳು.

"ನಾನೇ. ಗಟ್ಟಿ ಬಾಗಿಲು ಅಂದ್ರೆ ಅಡುಗೆಮನೇದೊಂದೇ. ಕಪಾಟಿನ ಮೇಲಿಟ್ಟೆ. ಕಡುಬು ಇಳಿಸಿ ತಿರುಗಿ ನೋಡಿದ್ರೆ..." ಅವಳು ಮಾವನ ಕಡೆಗೆ ನೋಡಲಿಲ್ಲ. "ರಾತ್ರಿ ಎಲ್ಲಾ ಆರಿಸಿ ಮತ್ತೆ ಕೊಟ್ಟಿಗೇಲಿಟ್ಟೆ, ಬೆಳಿಗ್ಗೆ ಹೇಳೋಣ ಅಂತಿದ್ದೆ. ನೀವು ಬಾಗಿಲು ತೆಗೆದ ಕೂಡ್ಲೇ ಬೆರ್ದಿಬೆಕ್ ಅಣ್ಣನ ಹೆಸರು ಕೂಗಿದ್ರಿ. ಆಮೇಲೆ ನನ್ನ ಬಾಯಿ ಬಿದ್ದೇಹೋಯ್ತು. ತಪ್ಪಾಯ್ತು ಅಣ್ಣಾ."

ತೊಕ್ತಾರ್ ಅತಾ ಎದ್ದು ಬಾಗಿಲವರೆಗೆ ನಡೆದು, ಬೆರ್ದಿಬೆಕ್‌ನ ತೋಳು ಹಿಡಿದು ಕರೆತಂದು, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

"ನನ್ನ ನಾಲಿಗೆ ಮುದಿಯಾಗಿದೆ. ಕ್ಷಮಿಸಿಬಿಡು," ಎಂದರು.

"ನೀವೇ ಗೆದ್ರಿ, ಅತಾ," ಎಂದ ಬೆರ್ದಿಬೆಕ್. "ನನ್ನ ಅಂಗಡಿ ಅಂಟಾಗಿದ್ರೆ ಹಲಗೆ ಸೀಳದೆ ಬಿಡ್ತಿರಲಿಲ್ಲ. ಇದನ್ನ ಮತ್ತೆ ಕೂಡಿಸಬಹುದು."

ಅತಾ ಸೊಸೆಯ ಕಡೆಗೆ ತಿರುಗಿದರು. "ಆ ಗಾಳಿಯಲ್ಲಿ ನನ್ನ ಹಡಗನ್ನ ನೆನೆಸ್ಕೊಂಡೋಳು ನೀನೊಬ್ಬಳೇ. ಚಹಾ ಹಾಕಮ್ಮ, ಬಾಯಿ ಒಣಗಿದೆ."

ಅಷ್ಟರಲ್ಲಿ ರೌಶನ್ ಒಂದು ಹಲಗೆಯನ್ನೆತ್ತಿ ಕಣ್ಣಿನ ಹತ್ತಿರ ಹಿಡಿದಿದ್ದರು. "ಒಳಮೈಯಲ್ಲಿ ಏನೋ ಬರೆದಿದೆಯಲ್ಲ."

ಅತಾ ಕಿವಿಯವರೆಗೂ ಕೆಂಪಾದರು. "ಅದು ಬಿಡಿ, ಅಕ್ಕಾ. ಮುಚ್ಚಿಹೋಗಬೇಕಿದ್ದ ಬರಹ."

"ಬೆಳಿಗ್ಗೆನೇ ಕಂಡಿತ್ತು," ಎಂದು ಅಪಾ ನನ್ನ ಕಿವಿಯಲ್ಲಿ ಅಂದರು. "ನನ್ನ ವಿಳಾಸಕ್ಕೆ ಬಂದ ಕಾಗದ ಅಲ್ಲ ಅದು. ಓದಲಿಲ್ಲ."

ಪೆನ್ಸಿಲಿನ ಸಣ್ಣ ಅಕ್ಷರಗಳನ್ನು ರೌಶನ್ ನಿಧಾನವಾಗಿ ಬಿಡಿಸಿ ಓದಿದರು. "ಮೊದಲ ಚಳಿಗಾಲ. ಕಪ್ತಾನರು ತಮ್ಮ ಕೈಗವಸು ನನಗೆ ತೊಡಿಸಿ ಬರಿಗೈಯಲ್ಲಿ ಬಲೆ ಎಳೆದರು." ಇನ್ನೊಂದು ಹಲಗೆ: "ಬಲೆ ಹರಿದದ್ದು ನಾನು. ತಾನೇ ಹರಿದೆ ಎಂದು ಮೇಲಿನವರಿಗೆ ಹೇಳಿದರು." ಸೌಲೆ ಅಲ್ಲೇ ಗೋಡೆಗೊರಗಿ ಕೂತುಬಿಟ್ಟಳು. ಮೂರನೆಯದು: "ಮನೆಯಿಂದ ಬಂದ ಬುತ್ತಿಯಲ್ಲಿ ದಿನವೂ ದೊಡ್ಡ ಪಾಲು ನನಗೇ."

ರೌಶನ್ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡರು. "ಅಷ್ಟೊಂದು ಕಟ್ಟಿಕೊಟ್ರೂ ಆ ಮನುಷ್ಯ ಹಸ್ಕೊಂಡೇ ಮನೆಗೆ ಬರ್ತಿದ್ದ. ನನ್ನ ಕೈಯಡುಗೆ ಸೇರಲ್ಲ, ಚೆಲ್ಲಿ ಬರ್ತಾನೆ ಅಂತ ಎಷ್ಟು ವರ್ಷ ಬೈದಿದ್ದೀನಿ ಗೊತ್ತಾ." ಅವರು ನಗುತ್ತಿದ್ದರು, ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದರು. "ಇಂಥವು ಎಷ್ಟಿದಾವೆ?"

"ನಲವತ್ತೆರಡು," ಎಂದರು ಅತಾ.

"ಹಾಗಾದ್ರೆ ನಾನು ಎಲ್ಲಾ ಓದೋವರೆಗೂ ಅಂಟು ಕಾಯಿಸಬೇಡಿ," ಎಂದು ರೌಶನ್ ನಾಲ್ಕನೆಯ ಹಲಗೆಗೆ ಕೈ ಚಾಚಿದರು.