ಟಾಕೋಯಾಕಿ ಹಿಟ್ಟಿನ ಮೀನು

"ಇದ್ರಲ್ಲಿ ಮೀನುಂಟಾ?"

ಜೋಸ್ಟನ್ ಹತ್ರ ವಸಂತಿ ಆಡಿದ ಮೊದಲ ಮಾತೇ ಇದು. ಗಲ್ಫಿನ ಖುರುಮ್‌ನಲ್ಲಿ, ಮಾಲ್ ಎದುರು ಅವನದ್ದೊಂದು ಟಾಕೋಯಾಕಿ ಗಾಡಿ. ಜಪಾನಿನವ್ರದ್ದು ಅಂತ ಹೆದರ್ಬೇಡಿ, ನಮ್ಮ ಗುಳಿಯಪ್ಪವೇ. ಒಳಗೆ ಆಕ್ಟೋಪಸ್ ತುಂಡು, ಮೇಲೆ ಸಾಸು. ಅವತ್ತಿನ ಸೆಕೆಗೆ ಕಾವಲಿಗೆ ಗ್ಯಾಸೇ ಬೇಕಿರ್ಲಿಲ್ಲ!

ಊರಲ್ಲಿ ವಸಂತಿಯ ಅಮ್ಮನಿಗೆ ಕಿಡ್ನಿ ಕಾಯಿಲೆ. ಅಮ್ಮ ಎದ್ದು ಓಡಾಡುವವರೆಗೆ ಮೀನು ಮುಟ್ಟೋದಿಲ್ಲ ಅಂತ ಇವಳ ಹರಕೆ. ಮೀನಿಲ್ಲದೆ ಅನ್ನ ಇಳಿಯದ ಉಡುಪಿಯ ಹುಡುಗಿ...

ಜೋಸ್ಟನ್ ಕಾವಲಿಯನ್ನು ಏಳು ಸಲ ತೊಳೆದ. ಪನೀರ್ ಹಾಕಿ ಸುಟ್ಟುಕೊಟ್ಟ. ಅವಳು ನಕ್ಕಳು ನೋಡಿ, ಅಷ್ಟೇ. ಗಿರಾಕಿಗಳೆಲ್ಲ ಕಾದು ಕಾದು ಕರಕಲಾದ್ರು.

ಆಮೇಲೆ ಶುಕ್ರವಾರ ಬಿಡದೆ ಬಂದ್ಲು. ಅಮ್ಮ ಹುಷಾರಾದ ಮೇಲೆ ಮದುವೆ ಮಾತು ಎತ್ತುವ ಅಂತ ಇಬ್ಬರೂ ಅಂದ್ಕೊಂಡ್ರು.

ಅಮ್ಮ ಹುಷಾರಾಗ್ಲಿಲ್ಲ. ತೀರಿಕೊಂಡ್ರು.

ವಸಂತಿಗೆ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ. ಎರಡು ತಿಂಗಳು ಕಳೆದು ಜೋಸ್ಟನ್ ಅಲ್ಲಿಗೆ ಒಂದು ಚೀಟಿ ತಂದ. ತಿಂಡಿಯಲ್ಲಿ ಎಂತೆಂತ ಉಂಟು ಅಂತ ಬೋರ್ಡ್ ಹಾಕ್ಬೇಕಂತೆ. ಅವಳು ಟೈಪ್ ಮಾಡ್ತಾ ಹೋದ್ಲು. ಆರರ ಪ್ಲೇಟಿಗೆ ಮುನ್ನೂರಿಪ್ಪತ್ತು ಕ್ಯಾಲೊರಿ, ಪ್ರೋಟೀನ್ ಹನ್ನೆರಡು ಗ್ರಾಂ. ಮೈದಾ, ಮೊಟ್ಟೆ, ಕ್ಯಾಬೇಜ್, ಒಣ ಮೀನಿನ ಪುಡಿ...

ಬೆರಳು ನಿಂತಿತು.

"ಇದು ಆಕ್ಟೋಪಸ್ ಪ್ಲೇಟಿಗೆ ಮಾತ್ರ ಅಲ್ವಾ?"

ಜೋಸ್ಟನ್ ತಲೆ ತಗ್ಗಿಸಿದ. ಹಿಟ್ಟಿನ ಪ್ಯಾಕೆಟಿನಲ್ಲೇ ಬೆರೆಸಿ ಬರ್ತದಂತೆ. ಜಪಾನಿ ಅಕ್ಷರ ಅವನಿಗೆಲ್ಲಿ ಬರ್ಬೇಕು? ಇವಳು ಬರ್ಲಿಕ್ಕೆ ಶುರುಮಾಡಿದ ಮೂರನೇ ತಿಂಗಳಲ್ಲಿ ಹಿಟ್ಟು ತರುವವ ಹೇಳಿದ್ನಂತೆ. ಹೇಳಿದ್ರೆ ಇವಳು ಬರೋದು ನಿಲ್ಲಿಸ್ತಾಳೆ ಅಂತ ಬಾಯಿ ಮುಚ್ಚಿಕೊಂಡ. ಎದೆ ಭಾರ ತಡೀಲಿಕ್ಕಾಗದೆ ಇಗರ್ಜಿಗೆ ಹೋಗಿ ಪಾದ್ರಿಯವರ ಹತ್ರ ತಪ್ಪೊಪ್ಪಿಕೊಂಡಿದ್ದ.

"ಮುರಿದದ್ದು ನನ್ನ ಹರಕೆ. ಕ್ಷಮೆ ಕೇಳಿದ್ದು ಪಾದ್ರಿ ಹತ್ರವಾ?"

ಬೇರೆ ಅಂಗಡಿಗೆ ಹೋಗ್ಬಹುದಿತ್ತು, ಬಾಯಲ್ಲಿ ಹೇಳಲಿಕ್ಕಾಗದ್ದಕ್ಕೇ ಇಲ್ಲಿಗೆ ತಂದೆ ಅಂದ.

ಅಮ್ಮ ಹೋದದ್ದು ಆ ಪುಡಿಯಿಂದ ಅಲ್ಲ, ಅದು ವಸಂತಿಗೂ ಗೊತ್ತು. ಆದ್ರೆ ಪ್ರತಿ ವಾರ ಫೋನಲ್ಲಿ ಹೇಳಿದ್ದಳಲ್ಲ, ಮೀನು ಮುಟ್ಟಲಿಲ್ಲ ಅಮ್ಮ ಅಂತ... ಅಮ್ಮ ಅದನ್ನು ನಂಬಿಕೊಂಡೇ ಹೋದ್ರು.

"ನಿನ್ನ ಮೇಲಿನ ಪ್ರೀತಿಯಲ್ಲಿ ಸುಳ್ಳಿಲ್ಲ ವಸಂತಿ."

"ಗೊತ್ತುಂಟು. ನನಗೂ ಉಂಟು. ಅದಕ್ಕೇ ಇಷ್ಟು ಉರಿಯೋದು."

ಬೋರ್ಡ್ ಪ್ರಿಂಟ್ ಮಾಡಿ ಕೊಟ್ಟಳು. ತೆಗೆದುಕೊಳ್ಳುವಾಗ ಅವನ ಬೆರಳಿನ ಬೊಬ್ಬೆ ಕಂಡಿತು.

"ಶುಕ್ರವಾರ ಬರ್ತೀಯಾ?"

"ಇಲ್ಲ ಜೋಸ್ಟನ್, ಇನ್ನು ಬರೋದಿಲ್ಲ... ಆ ಬೆರಳಿಗೆ ಮದ್ದು ಹಚ್ಚು, ಆಯ್ತಾ?"