ಕಪಾಟಿನ ಮೇಲಿನ ಹಳೆಯ ಬೇರಿಂಗ್

ಚಕ್ರದ ಹೊಸ ಬೇರಿಂಗಿಗೆ ಎರಡು ಸಾವಿರ, ಕೂಲಿ ಸೊನ್ನೆ. ಕಾರು ಅಕ್ಕನ ಗಂಡನದು. ಎಡಕ್ಕೆ ತಿರುಗಿಸಿದರೆ ಗರಗರ ಅನ್ನುತ್ತಿತ್ತು. ನನ್ನ ಗ್ಯಾರೇಜಿಗೆ ತಂದಾಗ ನಾನು ಬಲಗಡೆಯ ಚಕ್ರ ಬಿಚ್ಚಿದೆ.

“ಎಡಕ್ಕೆ ಸದ್ದು ಬಂದ್ರೆ ಬಲಗಡೆ ಬಿಚ್ತೀಯಲ್ಲೋ, ಮಹಾ ಮೇಧಾವಿ,” ಎಂದರು ಭಾವ.

“ಎಡಕ್ಕೆ ತಿರುಗಿದ್ರೆ ಭಾರ ಬೀಳೋದು ಬಲಗಡೆಗೇ ಭಾವ. ನೀವು ಸ್ಟೇರಿಂಗ್ ಹಿಡಿಯೋದು ಕಲೀರಿ, ಸಾಕು.”

ಹೊಸ ಬೇರಿಂಗ್ ಹಾಕಿದ ಮೇಲೆ ಸದ್ದಡಗಿತು. ಭಾವ ಕಾರನ್ನು ಎಡಕ್ಕೆ ತಿರುಗಿಸಿ ಬೀದಿಗಿಳಿದಾಗ, ಕಪಾಟಿನ ಮೇಲಿಟ್ಟಿದ್ದ ಹಳೆಯ ಬೇರಿಂಗ್ ತಾನಾಗಿಯೇ ಗರಗರ ತಿರುಗಿತು. ಮುಟ್ಟಿದೆ. ಉಜ್ಜಿದ ಉಕ್ಕು ಬಿಸಿಯಾಗಬೇಕು, ಇದು ಮಂಜುಗಡ್ಡೆಯಂತಿತ್ತು.

ಹೇಳಿದರೆ ಭಾವ ಬಿದ್ದು ಬಿದ್ದು ನಕ್ಕರು. ಮಾರನೆಯ ದಿನವೇ ಕಾರನ್ನು ಗುಜರಿಗೆ ತೂಕಕ್ಕೆ ಹಾಕಿದರು. ಅಂಥ ಧೈರ್ಯವಂತರು.

ಈಗ ನಡೆದೇ ಮನೆಗೆ ಹೋಗುತ್ತಾರೆ. ದಿನಾ ಸಂಜೆ ಗ್ಯಾರೇಜಿನ ಮುಂದೆ ಅವರು ಎಡಕ್ಕೆ ತಿರುಗುವಾಗ ಕಪಾಟಿನ ಮೇಲಿನ ಬೇರಿಂಗ್ ಗರಗರ ಅನ್ನುತ್ತದೆ. ಅಕ್ಕನಿಗೆ ಹೇಳಿಲ್ಲ. ಅವಳಿಗೆ ಕಾರು ಹೋದ ಸಂಕಟವೇ ಸಾಕು.